ಯೆಲ್ವಾ ಹೊಳೆ ದಾಟಿದ ಬಗೆ

ಸಾಂತ್ಯಾಗೊ
21 ಫೆಬ್ರವರಿ 1988

ಪ್ರೀತಿಯ ಅಮ್ಮನಿಗೆ,

ಈ ಕಾಗದವನ್ನು ಕೂತು ಓದು. ಒಲೆಯ ಮುಂದೆ ನಿಂತು ಓದಿದರೆ ಅನ್ನ ಸೀಯುತ್ತದೆ, ಆಮೇಲೆ ನನ್ನನ್ನು ಬೈಯಬೇಡ.

ಪರೀಕ್ಷೆಯ ದಿನ ಗೊತ್ತಾಯಿತು. ಜೂನ್ ಮೂರು, ವಿಶ್ವಸಾಹಿತ್ಯ. ಬರೆಯುವುದಲ್ಲ, ಬಾಯಲ್ಲಿ ಹೇಳುವುದು. ಮೇಜಿನ ಮೇಲೆ ಒಂದು ಡಬ್ಬಿ, ಅದರಲ್ಲಿ ನಲವತ್ತು ಚೀಟಿ, ಚೀಟಿಗೊಂದು ಪುಸ್ತಕ. ಕೈಹಾಕಿ ಒಂದನ್ನು ಎತ್ತಬೇಕು, ಇಪ್ಪತ್ತು ನಿಮಿಷ ಮಾತಾಡಬೇಕು. ಎದುರಿಗೆ ಮೂವರು ಪರೀಕ್ಷಕರು, ನಡುವೆ ಪ್ರೊಫೆಸರ್ ಪರ್ಮೇನಿಯಾ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಮುಗಿಯಿತು, ಹುಡುಗರು ಅಲ್ಲೇ ಬೆವರುತ್ತಾರಂತೆ. ಎತ್ತಿದ ಚೀಟಿ ಬೇಡವೆಂದರೆ ಒಂದು ಸಲ ಬದಲಾಯಿಸಬಹುದು, ಒಂದು ಅಂಕ ಕಳೆಯುತ್ತಾರೆ.

ಸಾಹಿತ್ಯದ ಮೇಷ್ಟರಾಗಲು ಇರುವುದು ಆರೇ ಸೀಟು. ನಾವು ನಲವತ್ತೊಂದು ಜನ. ಉಳಿದವರನ್ನು ಲೆಕ್ಕಕ್ಕೋ ರಸಾಯನಶಾಸ್ತ್ರಕ್ಕೋ ತಳ್ಳುತ್ತಾರೆ. ನಾನು ಲೆಕ್ಕ ಕಲಿಸಿದರೆ ಆ ಮಕ್ಕಳ ಗತಿ ಏನು, ನೀನೇ ಹೇಳು.

ಎಲ್ಲರೂ ಹೆದರಿದ್ದಾರೆ, ನನಗೆ ಮಾತ್ರ ಕುಣಿಯುವ ಹಾಗಾಗಿದೆ. ಆ ನಲವತ್ತರಲ್ಲಿ ಹತ್ತೊಂಬತ್ತು ಪುಸ್ತಕ ನನಗೆ ಆಗಲೇ ಬರುತ್ತದೆ! ಬೆಲಾರ್ಮಿನೋ ತಾತ ಚುರುಟಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಿಮಗೆಲ್ಲ ಗಟ್ಟಿಯಾಗಿ ಓದಿದ್ದನ್ನೆಲ್ಲ ನೀನು ನನಗೆ ಹೇಳಿಯೇ ಅಲ್ಲವೇ ಅನ್ನ ತಿನ್ನಿಸಿದ್ದು? ಪಟ್ಟಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ, ಅದರಲ್ಲಿ ಇಪ್ಪತ್ತೇಳನೆಯದು ಯಾವುದು ಗೊತ್ತೇ? ‘ಅಂಬಿಗನ ತಂಗಿ’. ನನ್ನದೇ ಪುಸ್ತಕ, ನನ್ನ ಹೆಸರು ಬಂದದ್ದೇ ಅದರಿಂದ. ಹೆಸರು ಓದಿದಾಗ ಇಡೀ ತರಗತಿ ತಿರುಗಿ ನನ್ನನ್ನು ನೋಡಿತು.

ಇಂತಿ ನಿನ್ನ ಜಂಬದ ಕೋಳಿ,
ಯೆಲ್ವಾ


ಪ್ಲಾಸೇತಾಸ್
13 ಮಾರ್ಚ್ 1988

ಮಗಳೇ,

ನಿನ್ನ ಕಾಗದವನ್ನು ಕಾರ್ಖಾನೆಗೆ ಒಯ್ದೆ. ಬೆಳಗಿನ ಪತ್ರಿಕೆ ಓದಿ ಮುಗಿದ ಮೇಲೆ ಬೆಲಾರ್ಮಿನೋ ಅವರೇ ವೇದಿಕೆಯ ಮೇಲಿಂದ ಅದನ್ನು ಓದಿದರು. ಚುರುಟು ಸುತ್ತುವ ನೂರಹನ್ನೆರಡು ಜನವೂ ಚಪ್ಪಾಳೆಯ ಬದಲು ಎಲೆ ಕೊಯ್ಯುವ ಕತ್ತಿಯಿಂದ ಹಲಗೆ ಕುಟ್ಟಿದ್ದೇ ಕುಟ್ಟಿದ್ದು. ಮೇಸ್ತ್ರಿ ಬಂದು ಏನು ಗಲಾಟೆ ಎಂದು ಕೇಳಿದ. ನಮ್ಮ ಹುಡುಗಿಗೆ ಪರೀಕ್ಷೆ ಎಂದೆವು. ಅವನೂ ಒಂದು ಕತ್ತಿ ತೆಗೆದುಕೊಂಡು ಕುಟ್ಟಿದ.

ಈಗ ಎಲ್ಲರೂ ನಿನಗೆ ಪರೀಕ್ಷಕರೇ. ಪ್ರಶ್ನೆಗಳನ್ನು ಕಾಗದದ ಹಿಂದೆ ಬರೆದಿದ್ದೇನೆ. ಎಲೆಯ ನರ ಬಿಡಿಸುವ ನಿಕಾನೋರನದು ಆ ಯುದ್ಧದ ದಪ್ಪ ಕಾದಂಬರಿಯಲ್ಲಿ ಜನರಲ್ ಸಾಹೇಬರ ಕೆಳಗೆ ಎಷ್ಟು ಕುದುರೆ ಸತ್ತವು ಎಂಬ ಪ್ರಶ್ನೆ. ಯಾವ ಪ್ರೊಫೆಸರೂ ಅದನ್ನು ಕೇಳುವುದಿಲ್ಲ ಎಂದೆ. “ಕುದುರೆ ಬಗ್ಗೆ ಕೇಳ್ದೆ ಇನ್ನೇನ್ ಕೇಳ್ತಾರೆ, ಅದರಲ್ಲಿ ಬುದ್ಧಿ ಇರೋದು ಕುದುರೆಗಳಿಗೆ ಮಾತ್ರ” ಎಂದ.

ಬೆಲಾರ್ಮಿನೋ ಅವರಿಗೆ ಮಾತ್ರ ಏನೋ ಆಗಿತ್ತು. ಪುಸ್ತಕಗಳ ಪಟ್ಟಿ ಓದುತ್ತ ಇಪ್ಪತ್ತೇಳಕ್ಕೆ ಬಂದಾಗ ನೀರಿನ ಲೋಟ ಮಗುಚಿದರು. ಮಧ್ಯಾಹ್ನದ ಓದಿನಲ್ಲಿ ಒಂದೇ ಪುಟವನ್ನು ಎರಡು ಸಲ ಓದಿದರು. ಮೂವತ್ತು ವರ್ಷದಲ್ಲಿ ಹಾಗೆಂದೂ ಆಗಿರಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, ಪುಸ್ತಕಗಳನ್ನು ಸ್ವತಃ ಓದಲು ಹೇಳಿ ಅವಳಿಗೆ, ಕೇಳಿದ್ದು ಸಾಲದು ಎಂದರು.

ನಾನೂ ಅದನ್ನೇ ಹೇಳುತ್ತೇನೆ. ಎಲ್ಲವನ್ನೂ ಓದು. ನಿನ್ನ ಹೆಸರಿನ ಪುಸ್ತಕವನ್ನೂ ಓದು.

ನಿನ್ನ ಅಮ್ಮ,
ದೊಮಿತಿಲಾ


ಸಾಂತ್ಯಾಗೊ
10 ಏಪ್ರಿಲ್ 1988

ಅಮ್ಮಾ,

ನಿಕಾನೋರ್ ಮಾವನಿಗೆ ಹೇಳು, ನಾಲ್ಕು ಕುದುರೆ. ಐದನೆಯದು ಕುಂಟಿತು, ಸಾಯಲಿಲ್ಲ.

ಇಲ್ಲಿ ಹಬ್ಬದ ಹಾಗಿದೆ. ಊಟದ ಸಾಲಿನಲ್ಲಿ ನಿಂತರೂ ಪ್ರಶ್ನೆ, ಸ್ನಾನಕ್ಕೆ ಹೋದರೂ ಪ್ರಶ್ನೆ. ಬಾಗಿಲ ಸಂದಿಯಿಂದ ಒಬ್ಬಳು ಕೂಗುತ್ತಾಳೆ, ಒಳಗಿಂದ ಸೋಪು ಹಚ್ಚಿಕೊಂಡೇ ಉತ್ತರ ಹೇಳಬೇಕು. ತಪ್ಪಿದರೆ ಅವತ್ತಿನ ಸಿಹಿ ಅವಳಿಗೆ. ನನ್ನ ಸಿಹಿ ಇಲ್ಲಿಯವರೆಗೆ ಎರಡೇ ಸಲ ಹೋಗಿದೆ.

ಹೊಸ ಪುಸ್ತಕಗಳನ್ನು ಹಗಲೂ ರಾತ್ರಿ ಓದುತ್ತಿದ್ದೇನೆ. ಆದರೆ ‘ಅಂಬಿಗನ ತಂಗಿ’ ಗ್ರಂಥಾಲಯದಲ್ಲಿ ಇರುವುದು ಒಂದೇ ಪ್ರತಿ. ಸರದಿಯ ಪ್ರಕಾರ ಒಬ್ಬೊಬ್ಬರಿಗೆ ಎರಡು ದಿನ. ನನ್ನ ಸರದಿಯನ್ನು ಕೋಣೆಯ ಗೆಳತಿ ಸೊಯ್ಲಾಗೆ ಬಿಟ್ಟುಕೊಟ್ಟೆ, ಪಾಪ, ಅವಳು ನಿಧಾನ ಓದುವವಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆ ಕಥೆ ನನ್ನ ಕಣ್ಣ ಮುಂದೆಯೇ ಇದೆ. ಬಂಡಾಯಗಾರರನ್ನು ದೋಣಿಯಲ್ಲಿ ದಾಟಿಸಿದ ಅಂಬಿಗನಿಗೆ ಗಲ್ಲು, ತಂಗಿ ಯೆಲ್ವಾ ಊರೂರು ಅಲೆದು ಕ್ಷಮಾಪತ್ರ ತರುವುದು, ಅಷ್ಟರಲ್ಲಿ ಹೆಪ್ಪುಗಟ್ಟಿದ ಹೊಳೆ ಕರಗಲು ತೊಡಗುವುದು. ಪತ್ರವನ್ನು ರವಿಕೆಯೊಳಗೆ ಹೊಲಿದುಕೊಂಡು ಬಿರಿಯುತ್ತಿರುವ ಮಂಜುಗಡ್ಡೆಯ ಮೇಲೆ ಕಾಲಿಡುತ್ತಾಳೆ. ದಡದಲ್ಲಿ ಜನ ಬೆಂಕಿ ಹಾಕಿದ್ದಾರೆ. ಕಾಲ ಕೆಳಗೆ ಗಡ್ಡೆ ಒಡೆಯುತ್ತದೆ, ಯಾರೋ ಹಗ್ಗ ಎಸೆಯುತ್ತಾರೆ, ಆಮೇಲೆ ಎಲ್ಲರೂ ಸೇರಿ ಎಳೆಯುತ್ತಾರೆ. ಒದ್ದೆ ಪತ್ರ ಸೆರೆಮನೆಯ ಬಾಗಿಲಿಗೆ ಮುಟ್ಟುತ್ತದೆ.

ನಮ್ಮೂರಲ್ಲಿ ಮಂಜುಗಡ್ಡೆ ಕಂಡದ್ದು ಕಬ್ಬಿನ ಹಾಲಿನ ಲೋಟದಲ್ಲಿ ಮಾತ್ರ. ಆದರೂ ಆ ಹೊಳೆ ನನಗೆ ಗೊತ್ತು. ದಿನಾ ಬೆಳಿಗ್ಗೆ ಬೇಡಿಕೊಳ್ಳುತ್ತಿದ್ದೇನೆ, ಇಪ್ಪತ್ತೇಳೇ ಬರಲಿ.

ನಿನ್ನ ಯೆಲ್ವಾ


ಪ್ಲಾಸೇತಾಸ್
8 ಮೇ 1988

ಮಗಳೇ,

ಇಲ್ಲಿ ಮಳೆ ಶುರುವಾಯಿತು, ಎಲೆಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದೇ ಕೆಲಸ. ಪೇರಲೆ ಹಲ್ವ ಕಳಿಸಿದ್ದೇನೆ, ಸೊಯ್ಲಾಗೂ ಕೊಡು.

ನಿನಗೆ ಕಾಗದ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಒಂದು ಮಾತು ಹೇಳುತ್ತೇನೆ, ಕಾರಣ ಕೇಳಬೇಡ. ಇಪ್ಪತ್ತೇಳು ಬಂದರೆ ಚೀಟಿ ಬದಲಾಯಿಸು. ಒಂದು ಅಂಕ ಹೋದರೆ ಹೋಗಲಿ.

ಅಮ್ಮ


ಸಾಂತ್ಯಾಗೊ
7 ಜೂನ್ 1988

ಅಮ್ಮಾ,

ಇಪ್ಪತ್ತೇಳೇ ಬಂತು.

ಚೀಟಿ ಬಿಚ್ಚಿ ನೋಡಿ ಜೋರಾಗಿ ನಕ್ಕುಬಿಟ್ಟೆ. ಬದಲಾಯಿಸುತ್ತೀಯಾ ಎಂದು ಕೇಳಿದರು. ನಿನ್ನ ಮಾತು ನೆನಪಾಯಿತು, ಆದರೂ ಇಲ್ಲವೆಂದೆ. ಕೈಗೆ ಬಂದ ತುತ್ತನ್ನು ಬಿಡುವವರುಂಟೇ? ಅಮ್ಮಾ, ನಾನು ಹೇಗೆ ಮಾತಾಡಿದೆ ಗೊತ್ತಾ! ಎದ್ದುನಿಂತು ಹೇಳಿದೆ, ಕೈಬೀಸಿ ಹೇಳಿದೆ. ಸರದಿಗೆ ಕಾಯುತ್ತಿದ್ದವರು ಕಿಟಕಿಗೆ ಬಂದು ಮುತ್ತಿದರು. ಹಗ್ಗ ಎಳೆಯುವ ಜಾಗಕ್ಕೆ ಬಂದಾಗ ಎಡಗಡೆಯ ಪರೀಕ್ಷಕರ ಕಣ್ಣು ಒದ್ದೆಯಾಗಿತ್ತು, ಪ್ರಮಾಣ ಮಾಡಿ ಹೇಳುತ್ತೇನೆ. ಮುಗಿಸಿದೆ. ಕಿಟಕಿಯಲ್ಲಿ ಚಪ್ಪಾಳೆ.

ಪ್ರೊಫೆಸರ್ ಪರ್ಮೇನಿಯಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಚೆನ್ನಾಗ್ ಹೇಳ್ದೆ ಮಗು. ಆದ್ರೆ ಈ ಪುಸ್ತಕದಲ್ಲಿ ಯೆಲ್ವಾ ದಡ ಸೇರಲ್ಲ. ಮುಳುಗ್ತಾಳೆ. ನೀನು ಯಾವ ಪುಸ್ತಕ ಓದಿದ್ದು?”

ನಾನು ಓದಿಲ್ಲ ಎಂದು ಹೇಳಲೇಬೇಕಾಯಿತು. ನನ್ನ ಹೆಸರೇ ಅದು, ಅಮ್ಮ ಕೇಳಿದ ಕಥೆ, ಕಾರ್ಖಾನೆಯ ವಾಚಕರು ಓದಿದ್ದು ಎಂದೆಲ್ಲ ತೊದಲಿದೆ. ಬಲಗಡೆಯವರು ಸೊನ್ನೆ ಹಾಕಲು ಹೊರಟರು. ಓದದೆಯೇ ಪರೀಕ್ಷೆಗೆ ಕೂತವಳಿಗೆ ಸೀಟು ಕೊಟ್ಟರೆ ನಾಳೆ ಇವಳು ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಪ್ರೊಫೆಸರ್ ತಡೆದರು. ಜುಲೈ ನಾಲ್ಕಕ್ಕೆ ಮತ್ತೆ ಬಾ, ಅದೇ ಪುಸ್ತಕ, ಈ ಸಲ ಓದಿಕೊಂಡು ಬಾ ಎಂದರು. ಎರಡನೆಯ ಸಲಕ್ಕೆ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಕೊಡುವಂತಿಲ್ಲ. ಐದು ಸೀಟು ಆಗಲೇ ತುಂಬಿವೆ. ಉಳಿದಿರುವುದು ಒಂದು.

ಪುಸ್ತಕದ ಸರದಿ ಸಿಗದೆ ಕಿಟಕಿಯಲ್ಲಿ ಚಪ್ಪಾಳೆ ತಟ್ಟಿದವರೇ ಈಗ ಕಂಡಲ್ಲೆಲ್ಲ “ಏನಮ್ಮಾ, ದಡ ಸೇರಿದ್ಯಾ?” ಎನ್ನುತ್ತಾರೆ. ನಾಲ್ಕು ದಿನ ಇಟ್ಟುಕೊಂಡರೂ ಸೊಯ್ಲಾ ಕೊನೆಯ ಪುಟ ಮುಟ್ಟಿರಲಿಲ್ಲವಂತೆ. ಗ್ರಂಥಾಲಯದ ಪ್ರತಿ ಬೈಂಡಿಂಗಿಗೆ ಹೋಗಿದೆಯಂತೆ. ತಾತನನ್ನು ಎಲ್ಲರೆದುರು ಕೇಳು, ಯಾಕೆ ಹೀಗೆ ಮಾಡಿದರು ಎಂದು. ಹುಟ್ಟಿದಂದಿನಿಂದ ನಾನು ಸುಳ್ಳು ಕಥೆಯ ಹೆಸರು ಹೊತ್ತು ತಿರುಗಿದೆನಲ್ಲ. ನನಗೆ ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ. ಯಾವುದು ಮೊದಲೋ ಗೊತ್ತಿಲ್ಲ.

ಯೆಲ್ವಾ


ಪ್ಲಾಸೇತಾಸ್
16 ಜೂನ್ 1988

ಚಿರಂಜೀವಿ ಯೆಲ್ವಾಗೆ,

ನಿನ್ನ ಅಮ್ಮ ಕಾಗದವನ್ನು ನನ್ನ ಕೈಗಿಟ್ಟು ಹೋದಳು. ಓದಿದೆ. ತಪ್ಪು ನನ್ನದು, ಪೂರ್ತಿ ನನ್ನದು.

1969ರ ಆಗಸ್ಟ್. ‘ಅಂಬಿಗನ ತಂಗಿ’ಯನ್ನು ಎರಡು ತಿಂಗಳಿಂದ ಓದುತ್ತಿದ್ದೆ. ನಾಳೆ ಓದುವುದನ್ನು ಇವತ್ತೇ ನೋಡಿಕೊಳ್ಳುವುದು ವಾಚಕರ ರೂಢಿ. ನೋಡಿದೆ, ಯೆಲ್ವಾ ಮುಳುಗುತ್ತಾಳೆ. ಮೂರನೆಯ ಸಾಲಿನಲ್ಲಿ ನಿನ್ನ ಅಮ್ಮ ಎಂಟು ತಿಂಗಳ ಹೊಟ್ಟೆ ಹೊತ್ತು ಚುರುಟು ಸುತ್ತುತ್ತಿದ್ದಳು. ಅದಕ್ಕೆ ಮೊದಲು ಅವಳ ಎರಡು ಕೂಸು ಹೋಗಿದ್ದವು. ಹೊಟ್ಟೆಯಲ್ಲಿರುವುದು ಹೆಣ್ಣಾದರೆ ಯೆಲ್ವಾ ಎಂದು ಇಡೀ ಕಾರ್ಖಾನೆ ಆಗಲೇ ಕರೆಯುತ್ತಿತ್ತು. ಆ ಹೆಸರಿನವಳನ್ನು ನಾನು ಅವಳ ಎದುರು ನೀರಿಗೆ ಹಾಕಬೇಕಿತ್ತು.

ಆಗಲಿಲ್ಲ ಮಗಳೇ. ಮರುದಿನ ಪುಸ್ತಕವನ್ನು ತೆರೆದು ಹಿಡಿದೆ, ಪುಟ ತಿರುಗಿಸುತ್ತ ಹೋದೆ, ಬಾಯಿಗೆ ಬಂದದ್ದು ಹೇಳಿದೆ. ಹನ್ನೊಂದು ಪುಟ. ಕತ್ತಿಗಳು ಎಷ್ಟು ಹೊತ್ತು ಹಲಗೆ ಕುಟ್ಟಿದವೋ ನೆನಪಿಲ್ಲ, ನನ್ನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಬರೆದದ್ದಕ್ಕೆ ಒಂದು ಅಕ್ಷರವನ್ನೂ ಕೂಡಿಸಬಾರದೆಂಬುದು ವಾಚಕನಿಗೆ ಇರುವ ಒಂದೇ ಕಟ್ಟಳೆ. ಅದನ್ನು ಮುರಿದೆ, ಒಂದೇ ಸಲ ಮುರಿದೆ. ಆಮೇಲೆ ನೀನು ಹುಟ್ಟಿದೆ, ಆ ಹೆಸರೇ ಇಟ್ಟರು. ಇನ್ನು ಯಾವ ಬಾಯಲ್ಲಿ ಹೇಳಲಿ?

ಕಾರ್ಖಾನೆಯ ಪ್ರತಿಯನ್ನೇ ಈ ಅಂಚೆಗೆ ಹಾಕಿದ್ದೇನೆ. ಅವತ್ತು ಕಪಾಟಿನಲ್ಲಿಟ್ಟ ಮೇಲೆ ನಾನು ಇದನ್ನು ತೆರೆದಿಲ್ಲ. ಓದು. ಸೋಮವಾರ ಎಲ್ಲರಿಗೂ ಹೇಳಿ ವೇದಿಕೆ ಇಳಿಯುತ್ತೇನೆ. ನಿನ್ನ ಅಮ್ಮನಿಗೆ ಏನೂ ಗೊತ್ತಿಲ್ಲ, ಅವಳ ಮೇಲೆ ಸಿಟ್ಟಾಗಬೇಡ.

ಕ್ಷಮೆ ಕೇಳುವ ಯೋಗ್ಯತೆಯೂ ಇಲ್ಲದ,
ಬೆಲಾರ್ಮಿನೋ


ಸಾಂತ್ಯಾಗೊ
22 ಜೂನ್ 1988

ಅಮ್ಮಾ,

ಪುಸ್ತಕ ಬಂತು. ಒಂದೇ ಉಸಿರಿಗೆ ಓದಿದೆ, ಎದ್ದು ಮತ್ತೆ ಮೊದಲಿನಿಂದ ಓದಿದೆ. ಎಂಥ ಪುಸ್ತಕ ಅಮ್ಮಾ! ತಾತನ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರು ವೇದಿಕೆ ಇಳಿಯಕೂಡದು, ನಾನು ಹೇಳಿದೆನೆಂದು ಹೇಳು.

ಆದರೆ ಒಂದು ವಿಷಯ. ಕೊನೆಯ ಪುಟದಲ್ಲಿ, ಅವಳು ಮುಳುಗುವ ಸಾಲಿನ ಹತ್ತಿರ, ಒಂದು ಚೀಟಿ ಇತ್ತು. ಹೆರಿಗೆ ಆಸ್ಪತ್ರೆಯ ಊಟದ ಚೀಟಿ. ದೊಮಿತಿಲಾ, ಹಾಸಿಗೆ ಒಂಬತ್ತು, 13 ಸೆಪ್ಟೆಂಬರ್ 1969. ನಾನು ಹುಟ್ಟಿ ಎರಡನೆಯ ದಿನ.

ಇದು ಅಲ್ಲಿಗೆ ಹೇಗೆ ಬಂತು?

ಯೆಲ್ವಾ


ಪ್ಲಾಸೇತಾಸ್
27 ಜೂನ್ 1988

ಮಗಳೇ,

ನನಗೆ ಗೊತ್ತಿತ್ತು.

ಬಾಣಂತಿಗೆ ಹೊತ್ತು ಹೋಗಲಿ ಎಂದು ನಿಕಾನೋರನ ಹೆಂಡತಿ ಕಪಾಟಿನಿಂದ ಆ ಪುಸ್ತಕ ತಂದುಕೊಟ್ಟಳು. ಹಗ್ಗ ಎಳೆಯುವ ಪುಟವನ್ನು ನನ್ನ ಕಣ್ಣಿಂದಲೇ ಓದಬೇಕೆಂಬ ಆಸೆ ನನಗೆ. ಓದಿದೆ, ಹಗ್ಗವೇ ಇಲ್ಲ. ನೀನು ನನ್ನ ತೋಳಲ್ಲಿ ನಿದ್ದೆ ಮಾಡುತ್ತಿದ್ದೆ. ಹೆಸರು ಬರೆದುಕೊಳ್ಳುವ ಗುಮಾಸ್ತ ಮಧ್ಯಾಹ್ನ ಬರುವವನಿದ್ದ. ಬೇರೆ ಹೆಸರು ನಾಲಿಗೆಯ ತುದಿಯಲ್ಲಿತ್ತು. ಅವನು ಬಂದ, ನಿನ್ನ ಮುಖ ನೋಡಿದೆ, ಯೆಲ್ವಾ ಎಂದೆ. ಮುಳುಗಿದವಳು ಪುಸ್ತಕದಲ್ಲಿದ್ದಳು. ನೀನು ದಾಟಿ ಬಂದಿದ್ದೆ.

ಬೆಲಾರ್ಮಿನೋ ಅವರಿಗೆ ನಾಚಿಕೆಯಾಗಬಾರದೆಂದು ಸುಮ್ಮನಿದ್ದೆ. ಅವರು ನನಗೆ ನೋವಾಗಬಾರದೆಂದು ಸುಮ್ಮನಿದ್ದರು. ಹತ್ತೊಂಬತ್ತು ವರ್ಷ ಇಬ್ಬರೂ ಒಂದೇ ಹಾಲ್‌ನಲ್ಲಿ ಕೂತೆವು. ಅದು ಹಾಳಾಗಲಿ. ನೀನು ಸರದಿ ಬಿಟ್ಟುಕೊಟ್ಟೆ ಎಂದು ಬರೆದಾಗಲಾದರೂ ನಾನು ಬಾಯಿ ಬಿಡಬೇಕಿತ್ತು. ಮೂರು ಕಾಗದದಲ್ಲಿ ನಿಜ ಬರೆದೆ, ಮೂರನ್ನೂ ಸುಟ್ಟೆ. ನಲವತ್ತು ಚೀಟಿಯಲ್ಲಿ ಅದೇ ಬರುತ್ತದೆಯೇ ಎಂದು ಸಮಾಧಾನ ಹೇಳಿಕೊಂಡೆ. ಒಬ್ಬ ಮುದುಕರ ಮರ್ಯಾದೆ ಉಳಿಸಲು ಹೋಗಿ ನನ್ನ ಮಗಳ ಸೀಟು ಪಣಕ್ಕಿಟ್ಟೆ. ನಿನ್ನನ್ನು ಕಿಟಕಿಯ ಮುಂದೆ ನಗೆಪಾಟಲು ಮಾಡಿದ್ದು ನಾನು, ಅವರಲ್ಲ.

ಸೋಮವಾರ ಅವರು ವೇದಿಕೆಯ ಮೇಲೆ ನಿಂತು ಎಲ್ಲ ಹೇಳಿದರು. ಕತ್ತಿ ನೆಲಕ್ಕೆ ಬೀಳಿಸಿದರೆ ಓದು ಒಪ್ಪಿಗೆಯಿಲ್ಲ ಎಂದರ್ಥ, ಹಿಂದಿನ ಸಾಲಿನಲ್ಲಿ ಹನ್ನೊಂದು ಕತ್ತಿ ಬಿದ್ದವು. ನಾನು ಎದ್ದುನಿಂತೆ. ನನಗೆ ಆಸ್ಪತ್ರೆಯಲ್ಲಿದ್ದಾಗಲೇ ಗೊತ್ತಿತ್ತು ಎಂದೆ. ಬೆಲಾರ್ಮಿನೋ ಅವರು ನನ್ನನ್ನೇ ನೋಡುತ್ತ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಯಾರೋ, ನಿಜವಾದ ಕೊನೆ ಓದಿ ಎಂದರು. ಪುಸ್ತಕ ನಿನ್ನ ಹತ್ತಿರವಿತ್ತಲ್ಲ, ಊರ ಗ್ರಂಥಾಲಯಕ್ಕೆ ಓಡಿ ತಂದರು. ಬೆಲಾರ್ಮಿನೋ ಅವರೇ ಓದಿದರು. ಯಾರೂ ಕುಟ್ಟಲಿಲ್ಲ, ಯಾರೂ ಬೀಳಿಸಲಿಲ್ಲ. ನಿಕಾನೋರ ಮಾತ್ರ, “ಬರೆದೋನ್ಗೆ ಹೆಣ್ಮಕ್ಕಳಿರಲಿಲ್ಲ ಅನ್ಸುತ್ತೆ” ಎಂದು ಮೂಗು ಒರೆಸಿಕೊಂಡ.

ಕೈ ಎತ್ತಿಸಿ ಎಣಿಸಿದರು. ನೂರೊಂದು ಜನ ಅವರೇ ಇರಲಿ ಎಂದರು. ಇನ್ನು ಮೇಲೆ ಬರೆದದ್ದನ್ನು ಬರೆದ ಹಾಗೇ ಓದಬೇಕೆಂಬುದು ಷರತ್ತು.

ನನಗೆ ನೀನು ಏನು ಷರತ್ತು ಹಾಕಿದರೂ ಒಪ್ಪಿಗೆ.

ಅಮ್ಮ


ಸಾಂತ್ಯಾಗೊ
5 ಜುಲೈ 1988

ಅಮ್ಮಾ, ಅಮ್ಮಾ,

ಆರನೆಯ ಸೀಟು ನನ್ನದು! ಐದಕ್ಕೆ ನಾಲ್ಕು! ಸೊಯ್ಲಾ ನನ್ನನ್ನು ಎತ್ತಿಕೊಂಡು ಅಂಗಳದಲ್ಲಿ ಎರಡು ಸುತ್ತು ಹಾಕಿದಳು, ಮೂರನೆಯದಕ್ಕೆ ಇಬ್ಬರೂ ಬಿದ್ದೆವು. ಮೊಣಕಾಲು ತರಚಿದೆ, ಲೆಕ್ಕಕ್ಕಿಲ್ಲ. ಇನ್ನು ನಾನು ಯಾವ ಮಗುವಿಗೂ ಭಾಗಾಕಾರ ಕಲಿಸಬೇಕಿಲ್ಲ.

ನಡೆದದ್ದನ್ನು ಹೇಳುತ್ತೇನೆ. ಪ್ರೊಫೆಸರ್ ಪರ್ಮೇನಿಯಾ ಒಂದೇ ಪ್ರಶ್ನೆ ಕೇಳಿದರು. ಯೆಲ್ವಾ ಯಾಕೆ ಮುಳುಗಿದಳು?

ಮಂಜುಗಡ್ಡೆ ತೆಳ್ಳಗಿತ್ತು ಎಂದು ಎಲ್ಲರೂ ಹೇಳುತ್ತಾರಂತೆ. ನಾನು ಪುಸ್ತಕ ತೆರೆದು ತೋರಿಸಿದೆ. ದಡದಲ್ಲಿ ಎಪ್ಪತ್ತು ಜನ ನಿಂತಿದ್ದರು ಎಂದು ಬರೆದಿದೆ. ಬೆಂಕಿ ಹಾಕಿದ್ದರು, ಅತ್ತರು, ಹೆಸರು ಹಿಡಿದು ಕೂಗಿದರು. ದೋಣಿಗಳಲ್ಲಿ ಹಗ್ಗ ಸುತ್ತಿಟ್ಟಿತ್ತೆಂದೂ ಮೂರು ಪುಟ ಮೊದಲೇ ಬರೆದಿದೆ. ಒಬ್ಬನೂ ಎಸೆಯಲಿಲ್ಲ, ಸೆರೆಮನೆಯ ಕಾವಲುಗಾರರು ನೋಡುತ್ತಿದ್ದರಲ್ಲ, ಹೆದರಿದರು. ಅವಳನ್ನು ಮುಳುಗಿಸಿದ್ದು ಹೊಳೆಯಲ್ಲ ಎಂದೆ. ನಮ್ಮೂರಿನ ವಾಚಕರು ಮಂಜನ್ನು ಬದಲಾಯಿಸಲಿಲ್ಲ, ಹೊಳೆಯನ್ನೂ ಬದಲಾಯಿಸಲಿಲ್ಲ. ದಡದ ಜನರನ್ನು ಬದಲಾಯಿಸಿದರು. ಕೇಳುತ್ತ ಕೂತಿದ್ದ ನೂರಹನ್ನೆರಡು ಜನರನ್ನು ನೋಡಿದ ಮೇಲೆ, ಯಾರೂ ಹಗ್ಗ ಎಸೆಯಲಿಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಪುಸ್ತಕವೇ ಸರಿ, ಆದರೆ ನನ್ನ ತಾತನ ತಪ್ಪಿನಿಂದಲೇ ನನಗೆ ಪುಸ್ತಕ ಅರ್ಥವಾದದ್ದು ಎಂದೆ.

ಬಲಗಡೆಯವರೇ ಮೊದಲು ನಾಲ್ಕು ಎಂದು ಬರೆದರು.

ಹೊರಡುವಾಗ ಪ್ರೊಫೆಸರ್ ಕರೆದು ಕೂರಿಸಿಕೊಂಡರು. “ಇದು ಪರೀಕ್ಷೆ ಅಲ್ಲ. ಆ ಹಗ್ಗದ ಕಥೆ ಇನ್ನೊಂದ್ಸಲ ಹೇಳ್ತೀಯಾ, ನನಗೋಸ್ಕರ?” ಎಂದರು. ಖುಷಿಯಿಂದ ಶುರು ಮಾಡಿದೆ. ಹೊಳೆಯ ಮಧ್ಯಕ್ಕೆ ಬಂದೆ, ಗಡ್ಡೆ ಒಡೆಯಿತು, ಮುಂದೆ ಮಾತೇ ಬರಲಿಲ್ಲ. ಪುಸ್ತಕ ಓದಿದ್ದೇನಲ್ಲ ಅಮ್ಮಾ, ನಿಜ ಗೊತ್ತಾಗಿದೆ. ಎಷ್ಟು ಪ್ರಯತ್ನಪಟ್ಟರೂ ಅವಳನ್ನು ದಡಕ್ಕೆ ತರಲು ನನ್ನಿಂದ ಆಗಲಿಲ್ಲ. ಅಲ್ಲಿಯೇ ಕೂತು ಅತ್ತೆ.

ಆಗ ನಿನ್ನ ಮೇಲಿದ್ದ ಸಿಟ್ಟು ಪೂರ್ತಿ ಹೋಯಿತು. ಅದು ಇತ್ತು, ಇಲ್ಲವೆನ್ನುವುದಿಲ್ಲ, ಒಂದು ವಾರ ನಿನಗೆ ಕಾಗದ ಬರೆಯದೆ ಇದ್ದದ್ದು ಅದಕ್ಕೇ. ಆದರೆ ನಾನು ಒಂದು ಸಲ ಹೇಳಲಾಗದ್ದನ್ನು ನೀನು ನನ್ನ ಬಾಲ್ಯವೆಲ್ಲ ಹೇಳಿದೆ. ಪ್ರತಿ ಸಲವೂ ಅವಳು ಮುಳುಗಿದ್ದು ನಿನಗೆ ಗೊತ್ತಿತ್ತು. ಪ್ರತಿ ಸಲವೂ ನಿನ್ನ ದನಿ ಒಂದಿಷ್ಟೂ ನಡುಗದೆ ಅವಳು ದಾಟಿದಳು, ನಾನು ಕೊನೆಯ ತುತ್ತು ನುಂಗಿ ಮಲಗಿದೆ.

ಶನಿವಾರದ ರೈಲಿಗೆ ಬರುತ್ತಿದ್ದೇನೆ. ನನ್ನ ಷರತ್ತು ಒಂದೇ. ನನ್ನನ್ನು ಎದುರಿಗೆ ಕೂರಿಸಿಕೊಂಡು, ನನ್ನ ಮುಖ ನೋಡುತ್ತ, ಆ ಕಥೆಯನ್ನು ಇನ್ನೊಮ್ಮೆ ಹೇಳು. ನೀನು ಅವಳನ್ನು ಹೇಗೆ ದಾಟಿಸುತ್ತೀಯೆಂದು ನಾನು ನೋಡಬೇಕು.

ನಿನ್ನ ಮಗಳು,
ಯೆಲ್ವಾ